ಪಾಠ ಹೇಳುವವರಿಗೆ ಮತ್ತೆ ಯಾವ ಟ್ರೈನಿಂಗ್?

ಬ್ಯಾಗು ಹಿಡಿದು ಕುಮಟಾ ಬಸ್‌ಸ್ಟ್ಯಾಂಡಿನಲ್ಲಿ ನಿಂತರೆ ಗುರುತಿನವರು ಯಾರಾದರೂ ಸಿಕ್ಕೇ ಸಿಗುತ್ತಾರೆ. "ಅಕ್ಕೋರೆ, ಎಲ್ಲಿಗೆ ಹೊರಟದ್ದು?" ಮೈಸೂರಿಗೆ, ಟ್ರೈನಿಂಗ್ ಇದೆ ಅನ್ನುತ್ತೇನೆ. ಕೂಡಲೇ ಇನ್ನೊಂದು ಪ್ರಶ್ನೆ ಬರುತ್ತದೆ. "ನೀವೇ ಕಲಿಸೋರಲ್ವಾ? ನಿಮಗೆ ಮತ್ತೆ ಯಾವ ಟ್ರೈನಿಂಗ್?"

ಮನೆಗೆ ಮೀನು ತರುವ ಅಮ್ಮ ಇದನ್ನು ಕೇಳಿದ್ದಾರೆ. ನನ್ನ ಅತ್ತೆ ಕೇಳಿದ್ದಾರೆ. ಮಕ್ಕಳನ್ನು ಕಾಲೇಜಿಗೆ ಸೇರಿಸಲು ಬಂದ ಅಪ್ಪ ಅಮ್ಮಂದಿರು ಕೇಳಿದ್ದಾರೆ. ಹೋದ ತಿಂಗಳು ಕಾರವಾರದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬ ಸಿಕ್ಕಿದ್ದ. ಅವನು ಇನ್ನೂ ನೇರವಾಗಿ ಕೇಳಿದ, "ಅದೆಲ್ಲ ಪ್ರಮೋಷನ್‌ಗೆ ಮಾತ್ರ ಅಲ್ವಾ ಮೇಡಂ?" ಅಷ್ಟರಲ್ಲಿ ಬಸ್ಸು ಬಂತು, ನನ್ನ ಉತ್ತರ ಅರ್ಧಕ್ಕೇ ನಿಂತಿತು. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಪ್ರಮೋಷನ್‌ಗೆ ಹೌದು. ಅದರಲ್ಲಿ ಮುಚ್ಚಿಡುವಂಥದ್ದೇನಿಲ್ಲ. ಪದವಿ ಕಾಲೇಜಿಗೆ ಸಹಾಯಕ ಪ್ರಾಧ್ಯಾಪಕರಾಗಿ ಸೇರಿದವರು ಮುಂದಿನ ಹಂತಕ್ಕೆ ಹೋಗಬೇಕಾದರೆ ಇಷ್ಟು ವರ್ಷ ಸೇವೆ ಆಗಿರಬೇಕು, ಇಷ್ಟು ದಿನ ತರಬೇತಿ ಆಗಿರಬೇಕು ಅಂತ ಯುಜಿಸಿಯ, ಅಂದರೆ ವಿಶ್ವವಿದ್ಯಾಲಯ ಧನಸಹಾಯ ಆಯೋಗದ, ನಿಯಮವಿದೆ. 2018ರ ನಿಯಮದ ಪ್ರಕಾರ ಮೊದಲ ಬಡ್ತಿಗೆ ಪಿಎಚ್‌ಡಿ ಇದ್ದವರಿಗೆ 4 ವರ್ಷ, ಎಂಫಿಲ್ ಇದ್ದವರಿಗೆ 5, ಎರಡೂ ಇಲ್ಲದವರಿಗೆ 6 ವರ್ಷ ಬೇಕು. ಜೊತೆಗೆ ಪಾಠ ಹೇಳುವ ಕ್ರಮ ಕಲಿಸುವ 21 ದಿನದ ಓರಿಯಂಟೇಷನ್. ಅದರ ಮೇಲೆ ವಿಷಯದ ತಿಳಿವಳಿಕೆ ಹೊಸದು ಮಾಡುವ ರಿಫ್ರೆಶರ್ ಅಥವಾ ಅಂಥದ್ದೇ ಇನ್ನೊಂದು ಕೋರ್ಸು. ಸರ್ಟಿಫಿಕೇಟ್ ಇಲ್ಲದಿದ್ದರೆ ಫೈಲು ಮುಂದೆ ಹೋಗುವುದಿಲ್ಲ.

ಆದರೆ ಈ ಏರ್ಪಾಡು ಹುಟ್ಟಿದ್ದು ಬಡ್ತಿಗಾಗಿ ಅಲ್ಲ. 1986ರ ರಾಷ್ಟ್ರೀಯ ಶಿಕ್ಷಣ ನೀತಿ ಬಂದ ಮೇಲೆ, ಮರುವರ್ಷವೇ ಯುಜಿಸಿ ಅಕಾಡೆಮಿಕ್ ಸ್ಟಾಫ್ ಕಾಲೇಜುಗಳನ್ನು ಶುರು ಮಾಡಿತು. ಆಮೇಲೆ ಅವು ಮಾನವ ಸಂಪನ್ಮೂಲ ಅಭಿವೃದ್ಧಿ ಕೇಂದ್ರಗಳಾದವು. 2023ರಲ್ಲಿ ಮಾಳವೀಯ ಮಿಷನ್ ಅಂತ ಹೊಸ ಹೆಸರು ಬಂತು. ಹೆಸರು ಯಾವುದೇ ಇರಲಿ, ಕಾರಣ ಒಂದೇ. ಹೈಸ್ಕೂಲು ಮಾಸ್ತರಾಗಲು ಬಿ.ಇಡಿ. ಬೇಕು. ಕಾಲೇಜಿಗೆ ಅದು ಬೇಡ. ಎಂ.ಎಸ್ಸಿ. ಆಗಿ ನೆಟ್ಟೋ ಕೆಸೆಟ್ಟೋ ಅನ್ನುವ ಅರ್ಹತಾ ಪರೀಕ್ಷೆ ಪಾಸಾದರೆ ಅರ್ಜಿ ಹಾಕಬಹುದು. ವಿಷಯ ಗೊತ್ತಿರುತ್ತದೆ. ಅದನ್ನು ಎಪ್ಪತ್ತು ಮಕ್ಕಳ ಮುಂದೆ ಹೇಗೆ ಇಡಬೇಕು ಅಂತ ಯಾರೂ ಹೇಳಿಕೊಟ್ಟಿರುವುದಿಲ್ಲ.

ನನಗೂ ಯಾರೂ ಹೇಳಿಕೊಟ್ಟಿರಲಿಲ್ಲ. ನಾನು ಕೆಲಸಕ್ಕೆ ಸೇರಿದ್ದು 2009ರಲ್ಲಿ, ಪ್ರಾಣಿಶಾಸ್ತ್ರಕ್ಕೆ. ಮೊದಲ ಮೂರು ವರ್ಷ, ನನಗೆ ಹೇಗೆ ಹೇಳಿದ್ದರೋ ಹಾಗೇ ಹೇಳಿದೆ. ಮೃದ್ವಂಗಿಗಳ, ಅಂದರೆ ಚಿಪ್ಪು, ಶಂಖದಂಥ ಮೆತ್ತನೆ ಮೈಯ ಪ್ರಾಣಿಗಳ ಪಾಠ ಬಂದಾಗ ಬೋರ್ಡಿನ ಮೇಲೆ ಯೂನಿಯೋ ಚಿತ್ರ ಬರೆಯುತ್ತಿದ್ದೆ. ಅದು ಸಿಹಿನೀರಿನ ಚಿಪ್ಪು, ಪುಸ್ತಕದಲ್ಲಿ ಇದ್ದದ್ದು ಅದೇ. ಭಾಗಗಳಿಗೆ ಗೆರೆ ಎಳೆದು ಹೆಸರು ಬರೆಸುತ್ತಿದ್ದೆ. ಮಕ್ಕಳು ಚೆಂದ ಬಣ್ಣ ಹಾಕಿ ರೆಕಾರ್ಡ್ ತುಂಬಿಸುತ್ತಿದ್ದರು. ಪರೀಕ್ಷೆ ಮುಗಿದರೆ ಮರೆಯುತ್ತಿದ್ದರು.

2012ರಲ್ಲಿ ಓರಿಯಂಟೇಷನ್‌ಗೆ ಮೈಸೂರಿಗೆ ಹೋದೆ. ಆಗ ಅದು 28 ದಿನ. ಬೇರೆ ಬೇರೆ ವಿಷಯದ ಮೇಷ್ಟ್ರುಗಳು ಒಂದೇ ಕೋಣೆಯಲ್ಲಿ. ಒಂದು ದಿನ ಎಲ್ಲರೂ ಹತ್ತು ಹತ್ತು ನಿಮಿಷ ಪಾಠ ಮಾಡಬೇಕಿತ್ತು, ಉಳಿದವರು ವಿದ್ಯಾರ್ಥಿಗಳು. ನಾನು ಯೂನಿಯೋ ಪಾಠ ಮಾಡಿದೆ. ಮುಗಿದ ಮೇಲೆ ಕೋಲಾರದ ಕಡೆಯ ಕನ್ನಡ ಮೇಷ್ಟ್ರೊಬ್ಬರು ಕೈ ಎತ್ತಿದರು.

"ಮೇಡಂ, ನಿಮ್ದು ಸಮುದ್ರದ ಊರಲ್ವಾ? ಇದು ಅಲ್ಲಿ ಸಿಗುತ್ತಾ?"

"ಇದು ಸಿಗಲ್ಲ ಸರ್. ಇಂಥದ್ದೇ ಇನ್ನೊಂದು ಸಿಗುತ್ತೆ. ಬಳಚು ಅಂತಾರೆ. ಅಳಿವೆಯಲ್ಲಿ ಬೇಕಾದಷ್ಟಿದೆ."

"ಮತ್ತೆ ಅದನ್ನೇ ಯಾಕೆ ತೋರಿಸಲ್ಲ?"

ಅವರು ಸುಮ್ನೆ ತಿಳಿದುಕೊಳ್ಳಲು ಕೇಳಿದ್ದು. ನನ್ನ ಹತ್ತಿರ ಉತ್ತರ ಇರಲಿಲ್ಲ. ರಾತ್ರಿ ಹಾಸ್ಟೆಲ್ಲಿನಲ್ಲಿ ಮಲಗಿದಾಗಲೂ ಅದೇ ತಲೆಯಲ್ಲಿ ಸುತ್ತುತ್ತಿತ್ತು.

ಮರುವರ್ಷ ಪಾಠದ ದಿನ ಪೇಟೆಯಿಂದ ಅರ್ಧ ಬಕೆಟ್ ಬಳಚು ತಂದೆ. ಜೀವ ಇದ್ದದ್ದು, ಉಪ್ಪುನೀರಿನ ಸಮೇತ. ಪುಸ್ತಕ ತೆರೆಯುವ ಮೊದಲು ಕೇಳಿದೆ, ಇದರ ಬಗ್ಗೆ ಯಾರಿಗೆ ಏನು ಗೊತ್ತು? ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದಳು. ಆವರೆಗೆ ತರಗತಿಯಲ್ಲಿ ಬಾಯಿ ಬಿಟ್ಟವಳಲ್ಲ. ಅಘನಾಶಿನಿ ದಡದ ಊರಿನವಳು, ಅವಳ ಅಮ್ಮ ಇಳಿತದ ಹೊತ್ತಿಗೆ ಬಳಚು ಆರಿಸಲು ಹೋಗುತ್ತಾರೆ.

"ಮರಳಲ್ಲಿ ಜೋಡಿ ತೂತು ಕಂಡ್ರೆ ಕೆಳಗೆ ಬಳಚು ಇರ್ತದೆ ಮೇಡಂ" ಅಂದಳು.

ನಾನು ಬೋರ್ಡಿನ ಕಡೆ ತಿರುಗಿ ಎರಡು ನಳಿಗೆ ಬರೆದೆ. ಪುಸ್ತಕದಲ್ಲಿ ಅದಕ್ಕೆ ಸೈಫನ್ ಅಂತಾರೆ. ಒಂದರಿಂದ ನೀರು ಒಳಗೆ ಹೋಗುತ್ತದೆ, ಇನ್ನೊಂದರಿಂದ ಹೊರಗೆ ಬರುತ್ತದೆ. ಉಸಿರೂ ಊಟವೂ ಅದೇ ನೀರಿನಲ್ಲಿ. ನಿನಗೆ ಕಾಣುವ ಜೋಡಿ ತೂತು ಇದೇ ಅಂದೆ. ಅವಳ ಮುಖ ಅರಳಿದ್ದು ನನಗೆ ಇವತ್ತಿಗೂ ಕಣ್ಣಮುಂದಿದೆ. ಆಮೇಲೆ ಅವಳು ಇನ್ನೊಂದು ಹೇಳಿದಳು. ಬೇಯಿಸುವ ಮೊದಲೇ ಬಾಯಿ ಬಿಟ್ಟು, ಮುಟ್ಟಿದರೂ ಮುಚ್ಚಿಕೊಳ್ಳದ ಬಳಚನ್ನು ಅಮ್ಮ ಎಸೆಯುತ್ತಾರೆ, ಅದು ಸತ್ತದ್ದು. ಯಾಕೆ ಹಾಗೆ ಅಂತ ಇಡೀ ತರಗತಿ ಕೂತು ಯೋಚಿಸಿತು. ಚಿಪ್ಪಿನ ಬೆನ್ನಿಗೆ ಒಂದು ಬಂಧಕ ಇದೆ, ಅದು ಯಾವಾಗಲೂ ಚಿಪ್ಪನ್ನು ತೆರೆಯಲು ನೋಡುತ್ತದೆ. ಒಳಗಿನ ಸ್ನಾಯು ಎಳೆದು ಹಿಡಿದು ಮುಚ್ಚಿಡುತ್ತದೆ. ಜೀವ ಹೋದರೆ ಸ್ನಾಯುವಿನ ಹಿಡಿತ ತಪ್ಪುತ್ತದೆ, ಚಿಪ್ಪು ತಾನಾಗಿ ಬಿಚ್ಚಿಕೊಳ್ಳುತ್ತದೆ. ಕುದಿಯುವ ನೀರಿನಲ್ಲಿ ಬಳಚು ಬಾಯಿ ಬಿಡುವುದೂ ಅದಕ್ಕೇ. ಒಂದು ಗಂಟೆಯ ಪಾಠ ಎರಡು ಗಂಟೆಯಾಯಿತು. ಆ ವರ್ಷ ಮೃದ್ವಂಗಿಗಳ ಪ್ರಶ್ನೆಯನ್ನು ಬಿಟ್ಟವರು ಯಾರೂ ಇರಲಿಲ್ಲ.

ಅಘನಾಶಿನಿ ಅಳಿವೆ 2024ರ ಜನವರಿಯಲ್ಲಿ ರಾಮ್ಸರ್ ಪಟ್ಟಿಗೆ ಸೇರಿತು. ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿ ಅದು. ಆ ಸುದ್ದಿಯನ್ನು ನನಗೆ ಮೊದಲು ಕಳಿಸಿದ್ದು ಅದೇ ಹುಡುಗಿ. ಈಗ ಅವಳು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತಾಳೆ.

ಹಾಗಾಗಿ ಟ್ರೈನಿಂಗ್ ಬೇಕಾ ಅಂತ ಕೇಳಿದರೆ ನಾನು ಬೇಕು ಅಂತಲೇ ಹೇಳುವವಳು. ಇನ್ನೂ ಜಾಸ್ತಿ ಬೇಕು.

ಎಲ್ಲ ಟ್ರೈನಿಂಗೂ ಹಾಗೆ ಇರುವುದಿಲ್ಲ, ನಿಜ. ಒಂದು ಕಡೆ ಎರಡು ವಾರ ಬೆಳಿಗ್ಗೆಯಿಂದ ಸಂಜೆವರೆಗೆ ಪರದೆಯ ಮೇಲಿನ ಅಕ್ಷರ ಓದಿಸಿಕೊಂಡು ಬಂದಿದ್ದೇನೆ. ಕೊರೊನಾ ಆದ ಮೇಲೆ ಬಹಳಷ್ಟು ಕೋರ್ಸು ಆನ್‌ಲೈನ್ ಆದವು. ಮನೆ ಬಿಟ್ಟು ಹೋಗಲಾಗದ ಹೆಂಗಸರಿಗೆ ಅದರಿಂದ ಅನುಕೂಲವಾಯಿತು, ಅದನ್ನು ನಾನು ಸಣ್ಣದು ಅನ್ನುವುದಿಲ್ಲ. ಆದರೆ ನಮ್ಮ ಮಳೆಗಾಲದಲ್ಲಿ ಕರೆಂಟ್ ಹೋದರೆ ನೆಟ್‌ವರ್ಕೂ ಹೋಗುತ್ತದೆ, ಹಾಜರಿಯೂ ಹೋಗುತ್ತದೆ. ಮುಖ್ಯವಾಗಿ, ಕೋಲಾರದ ಆ ಮೇಷ್ಟ್ರು ಕೇಳಿದಂಥ ಪ್ರಶ್ನೆಯನ್ನು ಆನ್‌ಲೈನಿನಲ್ಲಿ ಯಾರೂ ಕೇಳುವುದಿಲ್ಲ. ಎಲ್ಲರೂ ಮೈಕ್ ಮುಚ್ಚಿಕೊಂಡು ಕೂತಿರುತ್ತಾರೆ.

ನನ್ನ ಆಸೆ ಏನು ಅಂದರೆ, ತರಬೇತಿ ನಮ್ಮ ನೀರಿನ ಹತ್ತಿರ ಬರಬೇಕು. ಕಾರವಾರದ ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗ ಇದೆ. ಕೇಂದ್ರ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಕೇಂದ್ರವೂ ಕಾರವಾರದಲ್ಲಿದೆ. ಕಾಳಿ ನದಿ ಸಮುದ್ರ ಸೇರುವುದು ಅಲ್ಲೇ. ಭಟ್ಕಳದಿಂದ ಕಾರವಾರದವರೆಗಿನ ಪ್ರಾಣಿಶಾಸ್ತ್ರದ ಮೇಷ್ಟ್ರುಗಳನ್ನು ವರ್ಷಕ್ಕೆ ಮೂರು ದಿನ ಅಲ್ಲಿ ಕೂರಿಸಲಿ. ಬೆಳಿಗ್ಗೆ ಇಳಿತದ ಹೊತ್ತಿಗೆ ಕೆಸರಿಗೆ ಇಳಿಸಲಿ. ಮಧ್ಯಾಹ್ನ ಪಾಠ ಹೇಗೆ ಕಟ್ಟಬೇಕು ಅಂತ ಮಾತಾಡಲಿ. ಶಿರಸಿ, ಸಿದ್ದಾಪುರದವರಿಗೆ ಕಾಡು ಇದೆ, ಅಡಿಕೆ ತೋಟ ಇದೆ, ಅವರು ಅಲ್ಲಿ ಮಾಡಲಿ.

ಇನ್ನು ನೀತಿ, ನಿಯಮದ ವಿಷಯ. "ಅದರ ಉಸಾಬರಿ ನಿಮಗ್ಯಾಕೆ, ಪಾಠ ಮಾಡಿ ಮನೆಗೆ ಹೋಗಿ" ಅನ್ನುವವರೂ ಇದ್ದಾರೆ. ನಿಯಮ ತರಗತಿಯೊಳಗೆ ಬರುತ್ತದೆ, ಅದಕ್ಕೇ ಬೇಕು. 2021ರಲ್ಲಿ ನಮ್ಮ ರಾಜ್ಯ 2020ರ ಹೊಸ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ದೇಶದಲ್ಲಿ ಮೊದಲು ಜಾರಿಗೆ ತಂದಿತು, ನಾಲ್ಕು ವರ್ಷದ ಪದವಿ ಬಂತು. 2024ರಲ್ಲಿ ಅದನ್ನು ಬಿಟ್ಟು ಮತ್ತೆ ಮೂರು ವರ್ಷದ ಪದವಿಗೆ ಬಂದೆವು. ಆ ವರ್ಷ ನನ್ನ ಮೊದಲ ವರ್ಷದ ಮಕ್ಕಳಿಗೆ ಒಂದು ಪಠ್ಯಕ್ರಮ, ಮೇಲಿನ ಎರಡು ವರ್ಷದವರಿಗೆ ಇನ್ನೊಂದು. ಅದೇ ಹೊತ್ತಿಗೆ ಕೇಂದ್ರದ ಕಡೆಯಿಂದ ರಾಷ್ಟ್ರೀಯ ನೀತಿಯ ಬಗ್ಗೆ 36 ಗಂಟೆಯ ಆನ್‌ಲೈನ್ ತರಬೇತಿಯೂ ನಡೆಯುತ್ತಿತ್ತು. ಯಾವ ನೀತಿ ಒಳ್ಳೆಯದು ಅನ್ನುವ ವಾದಕ್ಕೆ ನಾನು ಇಲ್ಲಿ ಹೋಗುವುದಿಲ್ಲ. ಬದಲಾಯಿಸುವ ಮುನ್ನ ಪಾಠ ಮಾಡುವವರನ್ನು ಕೂರಿಸಿ ಕೇಳಬೇಕಿತ್ತು. ಬದಲಾಯಿಸಿದ ಮೇಲೆ ಹೊಸ ಪಠ್ಯಕ್ಕೆ ತಯಾರಾಗಲು ಸಮಯ ಕೊಡಬೇಕಿತ್ತು.

2025ರ ಜನವರಿ 6ರಂದು ಯುಜಿಸಿ ಅಧ್ಯಾಪಕರ ನೇಮಕ, ಬಡ್ತಿಯ ಹೊಸ ನಿಯಮಗಳ ಕರಡು ಹೊರಡಿಸಿತು. ಟಿವಿಯಲ್ಲಿ, ಪೇಪರಿನಲ್ಲಿ ಜಾಸ್ತಿ ಚರ್ಚೆಯಾದದ್ದು ಕುಲಪತಿ ನೇಮಕದ ವಿಷಯ, ಅದರಲ್ಲಿ ರಾಜ್ಯಗಳ ಅಧಿಕಾರ ಹೋಗುತ್ತದೆ ಅನ್ನುವ ವಿಷಯ. ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಹಲವು ರಾಜ್ಯಗಳ ಉನ್ನತ ಶಿಕ್ಷಣ ಸಚಿವರು ಸೇರಿ ಅದನ್ನು ವಿರೋಧಿಸಿದರು. ಅದು ದೊಡ್ಡ ವಿಷಯವೇ. ಆದರೆ ನಮ್ಮ ಸ್ಟಾಫ್‌ರೂಮಿನಲ್ಲಿ ನಾವು ಓದಿದ್ದು ಬೇರೆ ಪುಟಗಳನ್ನು. ಅಂಕ ಲೆಕ್ಕ ಹಾಕುವ ಹಳೆಯ ಪದ್ಧತಿ ಬಿಟ್ಟು ಒಂಬತ್ತು ಬಗೆಯ ಕೊಡುಗೆಗಳ ಪಟ್ಟಿ ಕೊಟ್ಟಿದ್ದರು, ಅದರಲ್ಲಿ ನಾಲ್ಕಾದರೂ ಇರಬೇಕು. ಭಾರತೀಯ ಭಾಷೆಗಳಲ್ಲಿ ಕಲಿಸುವುದು, ಊರಿನ ಜನರ ಜೊತೆ ಕೆಲಸ ಮಾಡುವುದು ಆ ಪಟ್ಟಿಯಲ್ಲಿದ್ದವು. ಅದನ್ನು ನೋಡಿ ನನಗೆ ನಿಜಕ್ಕೂ ಖುಷಿಯಾಯಿತು. ಬಳಚಿನ ಪಾಠವನ್ನು ಕನ್ನಡದಲ್ಲಿ ಬರೆದಿಟ್ಟರೆ ಅದಕ್ಕೂ ಬೆಲೆ ಇದೆ ಅಂದಂತಾಯಿತು. ಸ್ಟಾರ್ಟ್‌ಅಪ್ ಕಟ್ಟಿ ಹಣ ತರುವುದೂ ಅದೇ ಪಟ್ಟಿಯಲ್ಲಿತ್ತು. ಸಣ್ಣ ಊರಿನ ಪದವಿ ಕಾಲೇಜಿನಲ್ಲಿ ಅದು ಆಗುವ ಮಾತಲ್ಲ.

ನನಗೆ ನೋವಾದದ್ದು ಇನ್ನೊಂದು ಕಡೆ. ಗುತ್ತಿಗೆ ಮೇಲೆ ತೆಗೆದುಕೊಳ್ಳುವ ಅಧ್ಯಾಪಕರು ಒಟ್ಟು ಹುದ್ದೆಯ ಶೇ. 10 ಮೀರಬಾರದು ಅಂತ 2018ರ ನಿಯಮದಲ್ಲಿತ್ತು. ಕರಡಿನಲ್ಲಿ ಆ ಮಿತಿಯನ್ನೇ ತೆಗೆದಿದ್ದರು.

ಆ ಮಿತಿ ನಮ್ಮ ಕಡೆ ಕಾಗದದಲ್ಲಷ್ಟೇ ಇತ್ತು ಅನ್ನುವುದು ಯಾವ ಸರ್ಕಾರಿ ಕಾಲೇಜಿಗೆ ಹೋದರೂ ಗೊತ್ತಾಗುತ್ತದೆ. ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರು, ಅಂದರೆ ಕಾಯಂ ಅಲ್ಲದೆ ಗೌರವಧನಕ್ಕೆ ಪಾಠ ಮಾಡುವವರು, ರಾಜ್ಯದ ಪ್ರಥಮ ದರ್ಜೆ ಕಾಲೇಜುಗಳನ್ನು ನಡೆಸುತ್ತಿದ್ದಾರೆ. ನಡೆಸುತ್ತಿದ್ದಾರೆ ಅಂತ ಬೇಕೆಂದೇ ಬರೆದೆ. 2023ರ ಕೊನೆಯಲ್ಲಿ ಸೇವೆ ಕಾಯಂ ಮಾಡಿ ಅಂತ ಅವರು ತರಗತಿ ಬಿಟ್ಟು ಹೋರಾಟಕ್ಕೆ ಕೂತಾಗ ಎಷ್ಟೋ ಕಾಲೇಜುಗಳಲ್ಲಿ ಪಾಠವೇ ನಿಂತಿತ್ತು.

ನನ್ನ ಪಕ್ಕದ ಮೇಜಿನಲ್ಲಿ ಕೂರುವ ಗೆಳತಿ ಹನ್ನೊಂದು ವರ್ಷದಿಂದ ಅತಿಥಿ. ವಾರಕ್ಕೆ 15 ಗಂಟೆ ಪಾಠ. ರಜೆಯಲ್ಲಿ ಸಂಬಳ ಇಲ್ಲ. ನಾನು ರಿಫ್ರೆಶರ್‌ಗೆ ಹೋದರೆ ಅದು ಕರ್ತವ್ಯ ಅಂತ ಲೆಕ್ಕ. ಅವಳು ಹೋದರೆ ಆ ದಿನಗಳ ಪಾಠ ತಪ್ಪುತ್ತದೆ, ದುಡ್ಡು ತಪ್ಪುತ್ತದೆ. ಬಡ್ತಿ ಅಂತೂ ಅವಳಿಗೆ ಇಲ್ಲವೇ ಇಲ್ಲ, ಹಾಗಾಗಿ ಸರ್ಟಿಫಿಕೇಟ್ ತಂದರೂ ಸೇರಿಸಲು ಫೈಲೇ ಇಲ್ಲ. ನಾನು ತರಬೇತಿಗೆ ಹೋದ ದಿನಗಳಲ್ಲಿ ನನ್ನ ತರಗತಿ ನೋಡಿಕೊಂಡವಳು ಅವಳೇ. ನನ್ನಷ್ಟೇ ಮಕ್ಕಳಿಗೆ ಪಾಠ ಮಾಡುವವಳಿಗೆ ಕಲಿಯುವ ದಾರಿ ಯಾಕಿಲ್ಲ? ತರಬೇತಿಯನ್ನು ಬಡ್ತಿಗೆ ಮಾತ್ರ ಕಟ್ಟಿಹಾಕಿದ್ದರಿಂದ ಹೀಗಾಗಿದೆ. ಪಾಠ ಮಾಡುವ ಎಲ್ಲರಿಗೂ ಸಿಗಬೇಕು, ಆ ದಿನಗಳ ಗೌರವಧನದ ಸಮೇತ ಸಿಗಬೇಕು. ಕಾರವಾರದ ಹುಡುಗ ಕೇಳಿದ ಪ್ರಶ್ನೆಗೆ ನನ್ನ ಪೂರ್ತಿ ಉತ್ತರ ಇದು.

ಆಫೀಸಿನವರನ್ನಂತೂ ಯಾರೂ ನೆನೆಸುವುದಿಲ್ಲ. ಕೆಲವು ವರ್ಷಗಳ ಹಿಂದೆ ಪ್ರವೇಶ, ಪರೀಕ್ಷಾ ಶುಲ್ಕ, ಅಂಕಪಟ್ಟಿ ಎಲ್ಲ ಆನ್‌ಲೈನ್ ಆಯಿತು. ನಮ್ಮ ಎಸ್‌ಡಿಎ ಅಣ್ಣನಿಗೆ (ಆಫೀಸಿನ ದ್ವಿತೀಯ ದರ್ಜೆ ಸಹಾಯಕರು) ಆಗ ಐವತ್ತು ದಾಟಿತ್ತು. ಕೂರಿಸಿ ಹೇಳಿಕೊಟ್ಟವರಿಲ್ಲ. ಪಾಸ್‌ವರ್ಡು, ಒಟಿಪಿ, ಸ್ಕ್ಯಾನ್ ಎಲ್ಲವನ್ನೂ ಒಂದು ಇನ್ನೂರು ಪೇಜಿನ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಎಡಗಡೆ ಪುಟದಲ್ಲಿ ಯಾವ ಗುಂಡಿ ಒತ್ತಬೇಕು, ಬಲಗಡೆ ಪುಟದಲ್ಲಿ ತಪ್ಪಾದರೆ ಏನು ಮಾಡಬೇಕು. ಕೆಂಪು ಇಂಕಿನಲ್ಲಿ, 'ಇಲ್ಲಿ ಅವಸರ ಮಾಡಬಾರದು'. ಆ ನೋಟ್‌ಬುಕ್ಕಿನ ಝೆರಾಕ್ಸ್ ಈಗ ಅಕ್ಕಪಕ್ಕದ ಊರಿನ ಮೂರು ಕಾಲೇಜುಗಳಲ್ಲಿದೆ. ಶುಲ್ಕ ಕಟ್ಟಿಯೂ ಹೆಸರು ಬಾರದೆ ಅಳುತ್ತಾ ಬಂದ ಎಷ್ಟು ಮಕ್ಕಳನ್ನು ಅವರು ಪರೀಕ್ಷೆಗೆ ಕೂರಿಸಿದ್ದಾರೋ ಲೆಕ್ಕವಿಲ್ಲ.

ಈ ವರ್ಷ ನಾವು ಸಣ್ಣದೊಂದು ಶುರು ಮಾಡಿದ್ದೇವೆ. ಶುಕ್ರವಾರ ಮಧ್ಯಾಹ್ನ ಮೂರೂವರೆಗೆ ಪ್ರಾಣಿಶಾಸ್ತ್ರದ ಲ್ಯಾಬಿನಲ್ಲಿ ಒಂದು ಗಂಟೆ ಕೂರುತ್ತೇವೆ. ಕಾಯಂ, ಅತಿಥಿ, ಆಫೀಸು, ಲೈಬ್ರರಿ, ಎಲ್ಲರೂ. ಸರ್ಟಿಫಿಕೇಟ್ ಇಲ್ಲ, ಚಹಾ ಇದೆ. ಮೊದಲ ವಾರ ಗೆಳತಿ ತನ್ನ ಅರ್ಥಶಾಸ್ತ್ರದ ತರಗತಿಯಲ್ಲಿ ಮೀನು ಮಾರ್ಕೆಟ್ಟಿನ ದರ ಬರೆಸಿ ಬೇಡಿಕೆಯ ಗೆರೆ ಹೇಗೆ ಎಳೆಸಿದಳು ಅಂತ ತೋರಿಸಿದಳು. ನಾನು ಮೈಸೂರಿನಲ್ಲಿ ಕಲಿತ ಹತ್ತು ನಿಮಿಷದ ಪಾಠದ ಕ್ರಮ ಹೇಳಿದೆ.

ಈ ಶುಕ್ರವಾರ ಎಸ್‌ಡಿಎ ಅಣ್ಣನ ಸರದಿ. ವಿದ್ಯಾರ್ಥಿವೇತನದ ಅರ್ಜಿ ಎಲ್ಲೆಲ್ಲಿ ಸಿಕ್ಕಿಕೊಳ್ಳುತ್ತದೆ ಅಂತ ಹೇಳುತ್ತಾರಂತೆ. ನೋಟ್‌ಬುಕ್ ತರುತ್ತೇನೆ ಅಂದಿದ್ದಾರೆ. ಲ್ಯಾಬಿನ ಸ್ಟೂಲು ಸಾಲುವುದಿಲ್ಲ, ಪಕ್ಕದ ಕ್ಲಾಸಿನಿಂದ ಎರಡು ಬೆಂಚು ತಂದಿಡಬೇಕು.