ತೊಂದರೆ ಲೈನಿನಲ್ಲಿ ಇರಲಿಲ್ಲ

ಸಾಗರದ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ಸರ್ವಿಸ್ ಕೆಲಸ ನನ್ನದು. ಅಂಗಡಿಗೆ ತರಲಾಗದ ಮಷಿನ್ನುಗಳನ್ನು ಮನೆಗೇ ಹೋಗಿ ನೋಡಿಕೊಡುತ್ತೇನೆ. 2020ರ ಜುಲೈ ತಿಂಗಳ ಒಂದು ಕೇಸನ್ನು ಬರೆದಿಡಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ. ಈ ಕೆಲಸಕ್ಕೆ ಹೊಸದಾಗಿ ಬರುವ ಹುಡುಗರಿಗೆ ನಾನು ಮೊದಲು ಹೇಳುವುದು ಇದನ್ನೇ.

ಆ ವರ್ಷ ಬೆಂಗಳೂರಿನಿಂದ ಊರಿಗೆ ಬಂದವರೆಲ್ಲ ಮನೆಯಿಂದಲೇ ಆಫೀಸ್ ಕೆಲಸ ಮಾಡುತ್ತಿದ್ದರು. ಪೇಟೆಯಿಂದ 18 ಕಿಲೋಮೀಟರ್ ಒಳಗಿನ ಒಂದು ಮನೆಗೆ ಅದೇ ಮಾರ್ಚ್‌ನಲ್ಲಿ ಫೈಬರ್ ಲೈನ್ ಬಂದಿತ್ತು. ಆ ಮನೆಯ ಮಗಳು ಒಂದು ದಿನ ಬೆಳಗ್ಗೆ ಫೋನ್ ಮಾಡಿದಳು. "ಅಣ್ಣಾ, ಇಂಟರ್ನೆಟ್ ಇಲ್ಲ ಅಂತ ತೋರಿಸ್ತಿದೆ. ಹನ್ನೊಂದಕ್ಕೆ ಮೀಟಿಂಗ್ ಇದೆ."

ನಾನು ಕೇಳಿದ್ದು ಒಂದೇ ಪ್ರಶ್ನೆ, ಕೆಳಗೆ ಗಡಿಯಾರದ ಪಕ್ಕ ಯಾವ ಚಿಹ್ನೆ ಇದೆ ಅಂತ. ಗೋಳದ ಚಿಹ್ನೆ ಅಂದಳು. ವಿಂಡೋಸ್ 10ರಲ್ಲಿ ಇಂಟರ್ನೆಟ್ ಸಿಗದಿದ್ದಾಗ ಬರುವ ಚಿಹ್ನೆ ಅದು. ಹಾಗಾದರೆ ಲೈನ್ ಹೋಗಿದೆ ಅಂತ ತೀರ್ಮಾನ ಮಾಡಿ, ಫೈಬರಿನವರಿಗೆ ನಾನೇ ಕಂಪ್ಲೇಂಟ್ ಬರೆಸಿದೆ. ಹಿಂದಿನ ರಾತ್ರಿ ಗಾಳಿಮಳೆ ಬಂದಿತ್ತು, ಎಲ್ಲೋ ಮರ ಬಿದ್ದಿರುತ್ತದೆ ಅಂದುಕೊಂಡೆ. ನಮ್ಮ ಕಡೆ ಜುಲೈಯಲ್ಲಿ ಹತ್ತಕ್ಕೆ ಒಂಬತ್ತು ಸಲ ಅದೇ ಆಗಿರುತ್ತದೆ.

ಲೈನ್‌ಮ್ಯಾನ್ ಮಧ್ಯಾಹ್ನ ಹೋಗಿ ನೋಡಿದರು. ಮೀಟರ್ ಹಿಡಿದು, "ಪವರ್ ಮೈನಸ್ 19 ಬರ್ತಾ ಇದೆ, ಲೈನ್ ಚೆನ್ನಾಗಿದೆ" ಅಂದರು. ಫೈಬರಿನಲ್ಲಿ ಬರುವ ಬೆಳಕಿನ ಬಲ ಅದು, ಡಿಬಿಎಂ ಲೆಕ್ಕದಲ್ಲಿ. ಮೈನಸ್ 27ರ ಆಸುಪಾಸಿಗೆ ಹೋದರೆ ಚಿಂತೆ, 19 ಅಂದರೆ ಆರಾಮ. ಆದರೂ ನಾನು ಬಿಡಲಿಲ್ಲ. ಕಂಪ್ಯೂಟರಿನಲ್ಲಿ ಸ್ಪಷ್ಟವಾಗಿ ಇಂಟರ್ನೆಟ್ ಇಲ್ಲ ಅಂತ ಬರುತ್ತಿದೆ, ಇನ್ನೊಂದು ಸಲ ನೋಡಿ ಅಂದೆ. ಮರುದಿನ ಸುರಿವ ಮಳೆಯಲ್ಲಿ ಮತ್ತೆ ಹೋಗಿ ಕಂಬ ಹತ್ತಿ ಜಾಯಿಂಟ್ ಬಿಚ್ಚಿ ಹಾಕಿದರು. ಮೂರನೇ ದಿನ ಮೋಡೆಮ್ಮನ್ನೇ ಬದಲಿಸಿದರು. ಗೋಳ ಅಲ್ಲೇ ಇತ್ತು.

ಎರಡನೆಯ ದಿನ ಸಂಜೆ ನಾನೂ ಹೋಗಿದ್ದೆ. ಕೇಬಲ್ ಬದಲಿಸಿದೆ. ನೆಟ್‌ವರ್ಕ್ ರೀಸೆಟ್ ಅನ್ನುವ ಬಟನ್ ಒತ್ತಿದೆ. ಅದು ಎಲ್ಲ ನೆಟ್‌ವರ್ಕ್ ಅಡಾಪ್ಟರುಗಳನ್ನು ತೆಗೆದು ಹೊಸದಾಗಿ ಹಾಕುತ್ತದೆ. ಆಫೀಸಿನವರು ಹಾಕಿಕೊಟ್ಟಿದ್ದ, ಆಫೀಸಿನ ನೆಟ್‌ವರ್ಕಿಗೆ ಸೇರಿಸುವ ವಿಪಿಎನ್ ಕೂಡ ಅದರಿಂದ ಕೆಟ್ಟು ಕೂತಿತು. ಅದನ್ನು ಮತ್ತೆ ಹಾಕಿಸಿಕೊಳ್ಳಲು ಅವಳಿಗೆ ಅರ್ಧ ದಿನ ಹಿಡಿಯಿತು. ತೊಂದರೆ ಎಲ್ಲಿದೆ ಅಂತ ಗೊತ್ತಾಗುವ ಮೊದಲೇ ಕೈ ಹಾಕಿದ್ದಕ್ಕೆ ನನ್ನಿಂದ ಅವಳಿಗೆ ಆದ ನಷ್ಟ ಅದು. ಅವಳ ಅಪ್ಪ ಜಗಲಿಯಲ್ಲಿ ಕೂತು ನೋಡುತ್ತಿದ್ದರು, ಒಂದು ಮಾತೂ ಆಡಲಿಲ್ಲ. ಹೊರಡುವಾಗ ಮಾತ್ರ, "ತಮ್ಮಾ, ಇದರಿಂದ ಅವಳ ಕೆಲಸಕ್ಕೇನೂ ಆಗೋದಿಲ್ವಲ್ಲ?" ಅಂತ ಕೇಳಿದರು. ಆ ಪ್ರಶ್ನೆ ರಾತ್ರಿಯೆಲ್ಲ ತಲೆಯಲ್ಲಿತ್ತು.

ಮೂರನೆಯ ದಿನ ಅವಳೇ ಒಂದು ಮಾತು ಹೇಳಿದಳು. "ಅಣ್ಣಾ, ಗೂಗಲ್ ಓಪನ್ ಆಗತ್ತೆ. ಪೇಪರ್ ಓದ್ತೀನಿ. ಆಫೀಸಿನ ಮೇಲ್ ಮಾತ್ರ ಆಫ್‌ಲೈನ್ ಅಂತ ನಿಂತಿರತ್ತೆ." ಇದನ್ನು ಮೊದಲ ದಿನವೇ ಕೇಳಬೇಕಿದ್ದವನು ನಾನು. ಚಿಹ್ನೆ ಯಾವುದು ಅಂತ ಕೇಳಿದ್ದೆನೇ ಹೊರತು, ಯಾವುದಾದರೂ ಸೈಟ್ ತೆರೆಯುತ್ತದೆಯೇ ಅಂತ ಕೇಳಿರಲಿಲ್ಲ.

ಆಗ ನನ್ನ ಮೊಬೈಲನ್ನು ಯುಎಸ್‌ಬಿ ಕೇಬಲಿನಲ್ಲಿ ಅವಳ ಕಂಪ್ಯೂಟರಿಗೆ ಸಿಕ್ಕಿಸಿ, ಮೊಬೈಲ್ ಡೇಟಾ ಕೊಟ್ಟೆ. ಫೈಬರ್ ಕೇಬಲ್ ಕಿತ್ತು ಪಕ್ಕಕ್ಕಿಟ್ಟೆ. ಬೇರೆ ಲೈನು, ಬೇರೆ ಕಂಪನಿ, ಮೋಡೆಮ್ಮೂ ಮಧ್ಯದಲ್ಲಿಲ್ಲ. ಆದರೂ ಅದೇ ಗೋಳ, ಅದೇ "ಇಂಟರ್ನೆಟ್ ಇಲ್ಲ". ಎರಡು ನಿಮಿಷದ ಈ ಪರೀಕ್ಷೆ ಮೊದಲ ದಿನ ಮಾಡಿದ್ದರೆ ಕಂಬ ಹತ್ತುವ ಪ್ರಮೇಯವೇ ಇರಲಿಲ್ಲ. ತೊಂದರೆ ಈ ಪೆಟ್ಟಿಗೆಯ ಒಳಗೇ ಇದೆ ಅಂತ ಆಗ ಖಾತ್ರಿಯಾಯಿತು.

ಆ ಚಿಹ್ನೆ ಎಲ್ಲಿಂದ ಬರುತ್ತದೆ ಅನ್ನುವುದನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ನಮ್ಮ ಕೆಲಸದವರಲ್ಲೇ ಬಹಳ ಮಂದಿಗೆ ಇದು ತಿಳಿದಿರುವುದಿಲ್ಲ. ವಿಂಡೋಸ್ ನಿಮ್ಮ ಲೈನನ್ನು ಅಳೆದು ಹೇಳುವುದಿಲ್ಲ. ನೆಟ್‌ವರ್ಕ್ ಸೇರಿದ ಕೂಡಲೇ ಮೈಕ್ರೋಸಾಫ್ಟಿನ ಒಂದು ವಿಳಾಸಕ್ಕೆ ಹೋಗಿ ಒಂದು ಪುಟ್ಟ ಫೈಲ್ ತರುತ್ತದೆ. ವಿಂಡೋಸ್ 10ರಲ್ಲಿ ಆ ವಿಳಾಸ ಎಂಎಸ್‌ಎಫ್‌ಟಿ ಕನೆಕ್ಟ್‌ಟೆಸ್ಟ್ ಡಾಟ್ ಕಾಮ್. ಫೈಲಿನಲ್ಲಿ ಇರುವುದು ಮೂರೇ ಶಬ್ದ, "ಮೈಕ್ರೋಸಾಫ್ಟ್ ಕನೆಕ್ಟ್ ಟೆಸ್ಟ್". ಆ ಮೂರು ಶಬ್ದ ಸರಿಯಾಗಿ ಬಂದರೆ ಇಂಟರ್ನೆಟ್ ಇದೆ, ಬಾರದಿದ್ದರೆ ಇಲ್ಲ. ಇದರ ಜೊತೆಗೆ ಇನ್ನೊಂದು ಹೆಸರಿನ ಐಪಿ ವಿಳಾಸವನ್ನು (ಅಂಕಿಗಳ ವಿಳಾಸ), ಹೆಸರಿಗೆ ವಿಳಾಸ ಹುಡುಕಿಕೊಡುವ ಡಿಎನ್‌ಎಸ್‌ಗೆ ಕೇಳಿ, 131.107.255.255 ಅನ್ನುವ ಉತ್ತರ ಬರುತ್ತದೆಯೇ ಅಂತಲೂ ನೋಡುತ್ತದೆ. ವಿಸ್ತಾ ಕಾಲದಿಂದ ಈ ಏರ್ಪಾಡು ಇದೆ, ಆಗ ವಿಳಾಸವೂ ಫೈಲಿನ ಶಬ್ದಗಳೂ ಬೇರೆ ಇದ್ದವು. ಆಂಡ್ರಾಯ್ಡ್ ಮೊಬೈಲಿನಲ್ಲೂ ಹೀಗೆಯೇ: ಗೂಗಲಿನ ಒಂದು ವಿಳಾಸ ತಟ್ಟಿ, 204 ಅನ್ನುವ ಖಾಲಿ ಉತ್ತರ ಬಂತೇ ಅಂತ ನೋಡುತ್ತದೆ.

ಅಂದರೆ ಇಡೀ ಇಂಟರ್ನೆಟ್ ಚೆನ್ನಾಗಿದ್ದು, ಆ ಒಂದು ಬಾಗಿಲು ಮಾತ್ರ ಮುಚ್ಚಿದ್ದರೂ ಗೋಳ ಬರುತ್ತದೆ. ಬ್ರೌಸರ್ ಆ ಗೋಳವನ್ನು ಲೆಕ್ಕಿಸದೆ ತನ್ನ ಪಾಡಿಗೆ ಹೋಗಿ ಪುಟ ತರುತ್ತದೆ. ಆದರೆ ಕೆಲವು ಪ್ರೋಗ್ರಾಂಗಳು ಹೊರಡುವ ಮೊದಲು ವಿಂಡೋಸನ್ನು ಕೇಳುತ್ತವೆ, ಇಲ್ಲ ಅಂದರೆ ಪ್ರಯತ್ನವನ್ನೇ ಮಾಡುವುದಿಲ್ಲ. ಅವಳ ಆಫೀಸಿನ ಮೇಲ್ ಕೂತಿದ್ದು ಹಾಗೆ.

ಈಗ ನೋಡಬೇಕಾದ್ದು ಆ ಬಾಗಿಲನ್ನೇ. ಬ್ರೌಸರಿನಲ್ಲಿ ಕನೆಕ್ಟ್‌ಟೆಸ್ಟ್ ವಿಳಾಸ ಹಾಕಿದೆ, ತೆರೆಯಲಿಲ್ಲ. ಆಜ್ಞೆ ಬರೆಯುವ ಕಪ್ಪು ಕಿಟಕಿಯಲ್ಲಿ, ಉತ್ತರ ಬರುತ್ತದೆಯೇ ಅಂತ ನೋಡಲು ಗೂಗಲಿನ ಡಿಎನ್‌ಎಸ್ ಸರ್ವರ್ 8.8.8.8ಕ್ಕೆ ಪಿಂಗ್ ಕೊಟ್ಟೆ, ನಾಲ್ಕಕ್ಕೆ ನಾಲ್ಕೂ ಉತ್ತರ ಬಂತು. ಎನ್‌ಎಸ್‌ಲುಕಪ್ ಕೊಟ್ಟು ಕನೆಕ್ಟ್‌ಟೆಸ್ಟ್ ಹೆಸರು ಕೇಳಿದರೆ ಸರಿಯಾದ ವಿಳಾಸವೇ ಬಂತು. ಆದರೆ ಅದೇ ಹೆಸರಿಗೆ ಪಿಂಗ್ ಕೊಟ್ಟರೆ ಅದು ಹೋಗಿದ್ದು 127.0.0.1ಕ್ಕೆ, ಅಂದರೆ ತಾನು ಕೂತಿರುವ ಕಂಪ್ಯೂಟರಿಗೇ. ಒಂದೇ ಹೆಸರಿಗೆ ಎರಡು ಉತ್ತರ. ಇಂಥ ಕಡೆ ಎಷ್ಟು ಹೊತ್ತು ಬೇಕಾದರೂ ನಿಂತು ಯೋಚಿಸಬೇಕು. ಎನ್‌ಎಸ್‌ಲುಕಪ್ ನೇರವಾಗಿ ಡಿಎನ್‌ಎಸ್ ಸರ್ವರನ್ನು ಕೇಳುತ್ತದೆ. ಪಿಂಗ್ ಹಾಗಲ್ಲ, ವಿಂಡೋಸ್ ಹೇಳಿದ ವಿಳಾಸಕ್ಕೆ ಹೋಗುತ್ತದೆ. ವಿಂಡೋಸ್ ಮೊದಲು ನೋಡುವುದು ತನ್ನದೇ ಹೋಸ್ಟ್ಸ್ ಫೈಲನ್ನು, ಅಂದರೆ ಯಾವ ಹೆಸರಿಗೆ ಯಾವ ವಿಳಾಸ ಅಂತ ಬರೆದಿಡುವ ಪಟ್ಟಿಯನ್ನು. ಅದರಲ್ಲಿ ಏನು ಬರೆದಿದೆಯೋ ಅದೇ ಅದಕ್ಕೆ ಸತ್ಯ.

ಸಿಸ್ಟಮ್32ರ ಒಳಗೆ ಡ್ರೈವರ್ಸ್, ಅದರೊಳಗೆ ಇಟಿಸಿ ಅನ್ನುವ ಫೋಲ್ಡರ್. ಹೋಸ್ಟ್ಸ್ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದೆ. ಸಾಮಾನ್ಯವಾಗಿ ಅಲ್ಲಿ ಹ್ಯಾಶ್ ಗುರುತಿನ ವಿವರಣೆಯ ಸಾಲುಗಳು ಬಿಟ್ಟರೆ ಏನೂ ಇರುವುದಿಲ್ಲ. ಇಲ್ಲಿ ನೂರಾರು ಸಾಲು ತುಂಬಿತ್ತು. ಪಿಯುಸಿ ಓದುವ ಅವಳ ತಮ್ಮ ಬಾಗಿಲ ಹತ್ತಿರ ನಿಂತಿದ್ದ. ಸಣ್ಣ ದನಿಯಲ್ಲಿ ಅವನೇ ಹೇಳಿದ: ವಿಂಡೋಸ್ ನಮ್ಮ ಮಾಹಿತಿಯನ್ನು ಹೊರಗೆ ಕಳಿಸುತ್ತದೆ, ಅದನ್ನು ತಡೆಯಬೇಕು ಅಂತ ಒಂದು ವಿಡಿಯೋ ನೋಡಿ, ಯಾವುದೋ ಸಾಫ್ಟ್‌ವೇರ್ ಇಳಿಸಿ ಓಡಿಸಿದ್ದನಂತೆ. ಅವನ ಕಾಳಜಿಯಲ್ಲಿ ತಪ್ಪಿರಲಿಲ್ಲ. ಆ ಸಾಫ್ಟ್‌ವೇರ್ ಮೈಕ್ರೋಸಾಫ್ಟಿಗೆ ಸೇರಿದ ಹೆಸರುಗಳನ್ನೆಲ್ಲ ಒಟ್ಟಿಗೆ ಗುಡಿಸಿ 127.0.0.1ರ ಎದುರು ಹಾಕಿತ್ತು, ಪರೀಕ್ಷೆಯ ವಿಳಾಸವೂ ಅದರಲ್ಲಿ ಸೇರಿಹೋಗಿತ್ತು. ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಪರೀಕ್ಷೆಗೆ ಸಂಬಂಧಿಸಿದ ಎರಡು ಸಾಲು ಯಾವುವು ಅಂತ ಅವನ ಕೈಯಲ್ಲೇ ಹುಡುಕಿಸಿದೆ. ನೋಟ್‌ಪ್ಯಾಡನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ಆ ಎರಡು ಸಾಲು ಅಳಿಸಿ, ಡಿಎನ್‌ಎಸ್ ನೆನಪನ್ನು ಖಾಲಿ ಮಾಡಿ, ಕೇಬಲ್ ಒಮ್ಮೆ ಕಿತ್ತು ಸಿಕ್ಕಿಸಿದೆವು. ಒಂದು ನಿಮಿಷದೊಳಗೆ ಗೋಳ ಹೋಯಿತು. ಮೇಲ್‌ಗಳು ಒಂದರ ಹಿಂದೊಂದು ಬಂದು ಬೀಳತೊಡಗಿದವು. ನಾನು ಮಾಡಿದ ನೆಟ್‌ವರ್ಕ್ ರೀಸೆಟ್ ಹೋಸ್ಟ್ಸ್ ಫೈಲನ್ನು ಮುಟ್ಟುವುದೇ ಇಲ್ಲ.

ವಿಂಡೋಸಿನ ಒಳಗಿನ ಸೆಟ್ಟಿಂಗುಗಳಿರುವ ರಿಜಿಸ್ಟ್ರಿಯಲ್ಲಿ ಆಕ್ಟಿವ್ ಪ್ರೋಬಿಂಗ್ ಅನ್ನುವುದನ್ನು ಸೊನ್ನೆ ಮಾಡಿ ಅಂತ ಬಹಳ ಕಡೆ ಹೇಳಿಕೊಡುತ್ತಾರೆ. ಅದನ್ನು ನಾನು ಮಾಡುವುದಿಲ್ಲ, ಮಾಡಬೇಡಿ ಅಂತಲೂ ಹೇಳುತ್ತೇನೆ. ಅದರಿಂದ ಪರೀಕ್ಷೆಯೇ ನಿಂತುಹೋಗುತ್ತದೆ. ಜ್ವರ ಇದೆಯಾ ನೋಡುವ ಥರ್ಮಾಮೀಟರನ್ನೇ ಎತ್ತಿಟ್ಟ ಹಾಗೆ.

ಇದೇ ಪರೀಕ್ಷೆ ಇನ್ನೊಂದು ರೀತಿಯಲ್ಲೂ ದಾರಿ ತಪ್ಪಿಸಬಲ್ಲದು. ಮುಂದಿನ ವರ್ಷ ನಿವೃತ್ತ ಮೇಷ್ಟ್ರೊಬ್ಬರ ಮನೆಗೆ ಹೋಗಿದ್ದೆ. ಅಲ್ಲಿ ಚಿಹ್ನೆ ಚೆನ್ನಾಗಿಯೇ ಇತ್ತು, ಇಂಟರ್ನೆಟ್ ಇದೆ ಅಂತ. ಆದರೆ ಬ್ಯಾಂಕು, ಮೇಲ್, ಗೂಗಲ್ ಯಾವುದೂ ತೆರೆಯುತ್ತಿರಲಿಲ್ಲ, ಎಲ್ಲದಕ್ಕೂ ಸುರಕ್ಷಿತವಲ್ಲ ಅನ್ನುವ ಎಚ್ಚರಿಕೆ. "ನನ್ನ ಕಂಪ್ಯೂಟರಿಗೆ ಯಾರಾದರೂ ನುಗ್ಗಿದ್ದಾರಾ?" ಅಂತ ಮೇಷ್ಟ್ರು ಗಾಬರಿಯಾಗಿದ್ದರು. ನಾನು ಈ ಸಲ ಗಡಿಯಾರದ ಪಕ್ಕದ ಚಿಹ್ನೆ ಬಿಟ್ಟು ಗಡಿಯಾರವನ್ನೇ ನೋಡಿದೆ. 2009ರ ಜನವರಿ 1 ಇತ್ತು. ಮದರ್‌ಬೋರ್ಡಿನ ಸಿಆರ್ 2032 ಬ್ಯಾಟರಿ, ಕರೆಂಟ್ ಇಲ್ಲದಾಗ ಗಡಿಯಾರ ನಡೆಸುವುದು, ಸತ್ತಿತ್ತು. ಮೇಷ್ಟ್ರು ರಾತ್ರಿ ಮೇನ್ ಸ್ವಿಚ್ಚನ್ನೇ ಆರಿಸುವವರು, ಹಾಗಾಗಿ ಬೆಳಗ್ಗೆ ಹಾಕಿದಾಗ ಬೋರ್ಡು ತನ್ನ ಮೊದಲ ತಾರೀಖಿಗೆ ಹೋಗುತ್ತಿತ್ತು. ಸೈಟುಗಳ ಗುರುತು ಸಾಬೀತು ಮಾಡುವ ಸರ್ಟಿಫಿಕೇಟಿಗೆ ಇಂಥ ದಿನದಿಂದ ಇಂಥ ದಿನದವರೆಗೆ ಅನ್ನುವ ಅವಧಿ ಇರುತ್ತದೆ. 2009ರಲ್ಲಿ ಕೂತ ಕಂಪ್ಯೂಟರಿಗೆ ಅವು ಯಾವುವೂ ಇನ್ನೂ ಜಾರಿಗೆ ಬಂದಿಲ್ಲ.

ಹಾಗಾದರೆ ಚಿಹ್ನೆ ಏಕೆ ಸರಿ ಇತ್ತು? ಆ ಪುಟ್ಟ ಫೈಲ್ ಬರುವುದು ಬೀಗವಿಲ್ಲದ ಹಳೆಯ ಎಚ್‌ಟಿಟಿಪಿಯಲ್ಲಿ, ಸರ್ಟಿಫಿಕೇಟ್ ಕೇಳುವುದೇ ಇಲ್ಲ. ಬೇಕೆಂದೇ ಹಾಗೆ ಮಾಡಿದ್ದಾರೆ. ಹೋಟೆಲು, ವಿಮಾನ ನಿಲ್ದಾಣದ ವೈಫೈಯಲ್ಲಿ ಮಧ್ಯೆ ತಡೆದು ಲಾಗಿನ್ ಪುಟ ತೋರಿಸುತ್ತಾರಲ್ಲ, ಅದನ್ನು ಪತ್ತೆ ಹಚ್ಚಲು ಬೀಗವಿಲ್ಲದ ದಾರಿಯೇ ಬೇಕು. ತಾರೀಖು ತಾನಾಗಿಯೇ ಸರಿಹೋಗಬೇಕಿತ್ತಲ್ಲ ಅಂತ ಮೇಷ್ಟ್ರು ಕೇಳಿದರು, ಒಳ್ಳೆಯ ಪ್ರಶ್ನೆ. ಮನೆಯ ವಿಂಡೋಸ್ 15 ಗಂಟೆಗಿಂತ ಹೆಚ್ಚು ವ್ಯತ್ಯಾಸ ಕಂಡರೆ ಸಾಮಾನ್ಯವಾಗಿ ತಾನಾಗಿ ತಿದ್ದಲು ಒಪ್ಪುವುದಿಲ್ಲ, ಕೈಯಲ್ಲಿ ತಿದ್ದಬೇಕು. ಹೊಸ ಬ್ಯಾಟರಿ ಹಾಕಿ ತಾರೀಖು ಇಟ್ಟೆ, ಅಷ್ಟೇ ಕೆಲಸ. ಇನ್ನಾರಾದರೂ ಹೋಗಿದ್ದರೆ ವೈರಸ್ ಅಂತ ಫಾರ್ಮ್ಯಾಟ್ ಮಾಡಿ ಅವರ ಫೋಟೋಗಳನ್ನು ಕಳೆಯುತ್ತಿದ್ದರೋ ಏನೋ. ಹಾಗೆ ಕಳೆದುಕೊಂಡವರನ್ನು ನೋಡಿದ್ದೇನೆ, ಬಹಳ ಸಂಕಟವಾಗುತ್ತದೆ.

ಗೋಳ ಹೋದ ದಿನ ಸಂಜೆ ಲೈನ್‌ಮ್ಯಾನಿಗೆ ಫೋನ್ ಮಾಡಿದ್ದೆ. ಲೈನ್ ಮೊದಲಿಂದಲೂ ಸರಿ ಇತ್ತು, ನನ್ನ ಮಾತಿಗೆ ನೀವು ಮೂರು ದಿನ ನೆನೆದಿರಿ, ನನ್ನಿಂದ ತಪ್ಪಾಯಿತು ಅಂದೆ. ಮತ್ತೊಬ್ಬರಿಂದ ಅವರಿಗೆ ತಿಳಿಯುವುದು ನನಗೆ ಬೇಕಿರಲಿಲ್ಲ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಹೋಸ್ಟ್ಸ್ ಫೈಲ್ ಅಂದರೆ ಏನು ಅಂತ ಕೇಳಿದರು. ಮರುದಿನ ಅಂಗಡಿಗೆ ಬಂದರು, ತೋರಿಸಿಕೊಟ್ಟೆ. ಈಗ ಮಳೆಗಾಲದಲ್ಲಿ ಕಂಪ್ಲೇಂಟ್ ಬಂದರೆ ಕಂಬಕ್ಕೆ ಏಣಿ ಚಾಚುವ ಮೊದಲು ಅವರೇ ಮನೆಯವರ ಮೊಬೈಲನ್ನು ಕಂಪ್ಯೂಟರಿಗೆ ಸಿಕ್ಕಿಸಿ ನೋಡುತ್ತಾರೆ. ಆಮೇಲೆ ನನಗೆ ಫೋನ್ ಮಾಡಿ, "ಇದು ನಿಮ್ಮ ಕಡೆದು" ಅಥವಾ "ಇದು ನಮ್ಮ ಕಡೆದು" ಅನ್ನುತ್ತಾರೆ.