ಪಕ್ಕದ ವಿಭಾಗದ ಪಾಠಗಳು

ನಮ್ಮ ಕಾಲದಲ್ಲಿ ಸಸ್ಯಶಾಸ್ತ್ರದವರು ವಾಣಿಜ್ಯ ವಿಭಾಗದ ಕಡೆ ತಲೆ ಹಾಕುತ್ತಿರಲಿಲ್ಲ. ಅವರೂ ಇತ್ತ ಸುಳಿಯುತ್ತಿರಲಿಲ್ಲ. ಪರೀಕ್ಷೆ ಮುಗಿದದ್ದೇ ನೋಟ್ಸೆಲ್ಲ ರದ್ದಿಗೆ. ಆದರೂ ಅಲ್ಲಿ ಕಲಿಸಿದ ಕೆಲವು ಸಂಗತಿ ಪರೀಕ್ಷೆಗಿಂತ ಸ್ವಂತ ತೊಡಕಿಗೇ ಹೆಚ್ಚು ಒದಗುತ್ತವೆ. ಎರವಲು ತರುವಾಗ ಅವುಗಳ ಷರತ್ತನ್ನೂ ಜೊತೆಗೇ ತರಬೇಕು, ಅಷ್ಟೆ.

ಸಸ್ಯಶಾಸ್ತ್ರದ ಕನಿಷ್ಠ ನಿಯಮವನ್ನೇ ತೆಗೆದುಕೊಳ್ಳಿ. ಜರ್ಮನಿಯ ಕೃಷಿ ವಿಜ್ಞಾನಿ ಕಾರ್ಲ್ ಸ್ಪ್ರೆಂಗೆಲ್ 1828ರಲ್ಲೇ ಹೇಳಿದ್ದು, ಹೆಸರಾದದ್ದು ಅಲ್ಲಿನದೇ ರಸಾಯನಶಾಸ್ತ್ರಜ್ಞ ಲೀಬಿಗ್‌ನಿಂದ. ಅಗತ್ಯಕ್ಕಿಂತ ಅತಿ ಕಡಿಮೆ ಇರುವ ಪೋಷಕಾಂಶವೇ ಇಳುವರಿಯನ್ನು ಹಿಡಿದು ನಿಲ್ಲಿಸುತ್ತದೆ. ಭತ್ತದ ಗದ್ದೆಯಲ್ಲಿ ಸತು (ಜಿಂಕ್) ಸಾಲದಿದ್ದರೆ ಯೂರಿಯಾ ಎಷ್ಟು ಸುರಿದರೂ ಪೈರು ಏಳದು. ಎಕರೆಗೆ 8 ಕೆ.ಜಿ.ಯಷ್ಟು ಜಿಂಕ್ ಸಲ್ಫೇಟ್ ಬೇಕು. ಅದನ್ನೂ ರಂಜಕದ ಗೊಬ್ಬರವಾದ ಡಿಎಪಿ ಜೊತೆ ಬೆರೆಸಿ ಹಾಕಿದರೆ ದಂಡ, ರಂಜಕ ಸತುವನ್ನು ಕಟ್ಟಿಹಾಕುತ್ತದೆ.

ಓದು ತಲೆಗೆ ಹತ್ತದವರು ಮಾಡುವುದೂ ಯೂರಿಯಾ ಸುರಿಯುವುದನ್ನೇ: ಇನ್ನೂ 2 ಗಂಟೆ ಹೆಚ್ಚು ಕೂರುತ್ತಾರೆ. ಕೊರತೆ ಬೇರೆ ಕಡೆ ಇರುತ್ತದೆ. ನಿದ್ದೆ 5 ಗಂಟೆಗೆ ಇಳಿದಿರಬಹುದು. ಭೌತಶಾಸ್ತ್ರ ಕೈಕೊಡಲು 10ನೇ ತರಗತಿಯ ಬೀಜಗಣಿತ ಕಾರಣವಿರಬಹುದು. ಪತ್ತೆ ಹಚ್ಚುವ ಕ್ರಮವೂ ಹೊಲದ್ದೇ. ಒಂದು ವಾರ ಒಂದನ್ನು ಮಾತ್ರ ಬದಲಿಸಿ, ಮಿಕ್ಕಿದ್ದೆಲ್ಲ ಇದ್ದಂತೆಯೇ ಇರಲಿ. ಅಳತೆಯನ್ನು ಮೊದಲೇ ಗೊತ್ತುಮಾಡಿಕೊಳ್ಳಿ: ಪುಸ್ತಕ ಮುಚ್ಚಿ ಬಿಡಿಸಿದ 10 ಲೆಕ್ಕದಲ್ಲಿ ಎಷ್ಟು ಸರಿ ಬಂದವು? ನಿದ್ದೆ, ಕೂರುವ ಜಾಗ, ವೇಳಾಪಟ್ಟಿ ಮೂರನ್ನೂ ಸೋಮವಾರದಿಂದ ಒಟ್ಟಿಗೇ ಬದಲಿಸುವವರೇ ಜಾಸ್ತಿ. ಆಗ ಫಲ ಕಂಡರೂ ಯಾವುದರಿಂದ ಬಂತೆಂದು ತಿಳಿಯುವುದಿಲ್ಲ. ಒಂದು ಕೊರತೆ ನೀಗಿದ ಮೇಲೆ ಏಳಿಗೆ ಮತ್ತೆ ನಿಂತರೆ ಗಾಬರಿ ಬೇಡ, ಮುಂದಿನ ಕೊರತೆಯ ಸರದಿ ಬಂದಿದೆ. ಆದರೆ ಮನುಷ್ಯರ ವಿಷಯದಲ್ಲಿ ಈ ನಿಯಮ ಅಷ್ಟು ಕಟ್ಟುನಿಟ್ಟಲ್ಲ. ಗದ್ದೆಯಲ್ಲಿ ಸತುವಿನ ಬದಲು ಯೂರಿಯಾದ ಸಾರಜನಕ ನಡೆಯದು. ಪಾಠ ತಪ್ಪಿಸಿಕೊಂಡದ್ದನ್ನು ಗೆಳೆಯರ ಜೊತೆ ಕೂತು ತುಂಬಿಕೊಳ್ಳಬಹುದು.

ಸಂಖ್ಯಾಶಾಸ್ತ್ರದವರ ಪಾಲಿನದು ಸರದಿ ಸಾಲಿನಲ್ಲಿ ಎಷ್ಟು ಹೊತ್ತು ಹಿಡಿಯುತ್ತದೆ ಎಂಬ ಲೆಕ್ಕ, 1961ರಲ್ಲಿ ಅಮೆರಿಕದ ಪ್ರಾಧ್ಯಾಪಕ ಜಾನ್ ಲಿಟಲ್ ಸಾಧಿಸಿ ತೋರಿಸಿದ್ದು. ಕೈಯಲ್ಲಿ ಅರೆಬರೆ ಕೆಲಸ 12 ಇದ್ದು ವಾರಕ್ಕೆ 3 ಮುಗಿಯುತ್ತಿದ್ದರೆ, ಒಂದೊಂದಕ್ಕೂ ಸರಾಸರಿ 4 ವಾರ ಹಿಡಿಯುತ್ತದೆ. ವಾರಕ್ಕೆ 3 ಮುಗಿಯುವುದು ಹಾಗೇ ಇದ್ದು, ಕೈಯಲ್ಲಿರುವುದನ್ನು 6ಕ್ಕೆ ಇಳಿಸಿದರೆ 2 ವಾರ. ನೋಟ್‌ಬುಕ್ಕಿನ ಎಡಪುಟದಲ್ಲಿ ಎಲ್ಲ ಕೆಲಸ ಬರೆಯಿರಿ, ಬಲಪುಟದಲ್ಲಿ ಆರೇ ಗೆರೆ. ಅಲ್ಲಿ ಒಂದು ಹೊಡೆದುಹಾಕಿದ ಮೇಲೇ ಎಡದಿಂದ ಇನ್ನೊಂದು ಬರಬೇಕು. ಎಡಪುಟದಲ್ಲಿ ಕಾಯುವ ಕಾಲ ಆ 2 ವಾರಕ್ಕೆ ಸೇರಿಲ್ಲ ಎಂಬುದು ನೆನಪಿರಲಿ. ಲಾಭವೇನೆಂದರೆ, ಹಿಡಿದದ್ದು ಬೇಗ ಮುಗಿಯುತ್ತದೆ, ಕೇಳಿದವರಿಗೆ ತಾರೀಕು ಹೇಳಬಹುದು. ವಾರಕ್ಕೆ 5 ಹೊಸ ಕೆಲಸ ಬಂದು 3 ಮಾತ್ರ ಮುಗಿಯುತ್ತಿದ್ದರೆ ಯಾವ ಪುಟವೂ ಕಾಪಾಡದು. ಅಲ್ಲಿ ಬೇಕಾದದ್ದು ‘ಆಗಲ್ಲ’ ಎನ್ನುವ ಗಟ್ಟಿತನ.

ವಾಣಿಜ್ಯದವರದು ಚಕ್ರಬಡ್ಡಿ. ಕ್ರೆಡಿಟ್ ಕಾರ್ಡಿನ ತಿಂಗಳಿಗೆ 3% ಎಂದರೆ ವರ್ಷಕ್ಕೆ 36% ಅಲ್ಲ, ಸುಮಾರು 42.6%. ಸಾಲ ನಾಲ್ಕಾರಿದ್ದರೆ ಎಲ್ಲಕ್ಕೂ ಕನಿಷ್ಠ ಕಂತು ಕಟ್ಟಿ, ಉಳಿದ ದುಡ್ಡನ್ನೆಲ್ಲ ಹೆಚ್ಚು ಬಡ್ಡಿಯದಕ್ಕೇ ಹಾಕಿ. ಚಿಕ್ಕ ಸಾಲ ಮೊದಲು ತೀರಿಸಿದರೆ ಮನಸ್ಸಿಗೆ ಹಗುರ ಎನ್ನುವವರಿದ್ದಾರೆ. ಬಡ್ಡಿದರಗಳು ಹೆಚ್ಚುಕಡಿಮೆ ಒಂದೇ ಆಗಿದ್ದರೆ ಹಾಗೂ ಮಾಡಬಹುದು.