ಹುಣಸೆ ಬಿಡಿಸಿದ ಭಾನುವಾರ

ಏಪ್ರಿಲ್ 20, 2025, ಭಾನುವಾರ
ತುಮಕೂರು

ಈ ತಿಂಗಳು ಶುರುವಾದದ್ದೇ ಬೆಲೆ ಏರಿಕೆಯಿಂದ. ಒಂದನೇ ತಾರೀಖಿನಿಂದ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಜಾಸ್ತಿ. ಅದೇ ದಿನದಿಂದ ಕರೆಂಟು ಯೂನಿಟ್ಟಿಗೆ 36 ಪೈಸೆ ಹೊಸ ಸರ್‌ಚಾರ್ಜ್. ಎಂಟನೇ ತಾರೀಖಿಗೆ ಸಿಲಿಂಡರ್ ಮೇಲೆ 50 ರೂಪಾಯಿ. ನಮ್ಮ ಮನೆಗೆ ದಿನಕ್ಕೆ ಒಂದೂವರೆ ಲೀಟರ್ ಹಾಲು ಬೇಕು. ಅಂದರೆ ಹಾಲೊಂದಕ್ಕೇ ತಿಂಗಳಿಗೆ 180 ರೂಪಾಯಿ ಹೊಸ ಖರ್ಚು. ಇವರ ಸಂಬಳ ಮಾತ್ರ ಮಾರ್ಚ್‌ನಲ್ಲಿ ಎಷ್ಟಿತ್ತೋ ಅಷ್ಟೇ ಇದೆ. ಈ 180 ಎಲ್ಲಿಂದ ಬರಬೇಕು ಅಂತ ಬೆಳಿಗ್ಗೆ ಕಾಫಿ ಕುಡಿಯುತ್ತಾ ಲೆಕ್ಕದ ಪುಸ್ತಕ ತೆಗೆದೆ.

ಒಂದು ಮಾತ್ರ ಮೊದಲೇ ತೀರ್ಮಾನವಾಗಿತ್ತು. ಹಾಲು ಕಡಿಮೆ ಮಾಡುವುದಿಲ್ಲ. ಮಕ್ಕಳು ಕುಡಿಯುವ ಹಾಲು, ಅತ್ತೆಯವರ ರಾತ್ರಿಯ ಮಜ್ಜಿಗೆ ಅನ್ನ, ಸೊಪ್ಪು, ಬಾಳೆಹಣ್ಣು ಎಲ್ಲ ಹಾಗೇ ಇರುತ್ತವೆ. ನನ್ನ ಎರಡು ಹೊತ್ತಿನ ಕಾಫಿಯೂ ಇರುತ್ತದೆ. ಇದನ್ನು ಬೇಕೆಂದೇ ಬರೆಯುತ್ತಿದ್ದೇನೆ. ಉಳಿಸಬೇಕು ಅಂತ ಹೊರಟಾಗ ಎಷ್ಟೋ ಮನೆಗಳಲ್ಲಿ ಮೊದಲು ಕಡಿಮೆಯಾಗುವುದು ಅಡುಗೆ ಮಾಡುವವಳ ಊಟ. ಎಲ್ಲರಿಗೂ ಬಡಿಸಿ, ಪಾತ್ರೆಯ ತಳದಲ್ಲಿ ಉಳಿದದ್ದು ನನಗೆ ಸಾಕು ಅಂದುಬಿಡುತ್ತಾರೆ. ನಮ್ಮಮ್ಮನೂ ಹಾಗೇ ಇದ್ದರು. ಅದನ್ನು ಉಳಿತಾಯ ಅಂತ ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಹಾಗಾದರೆ ದುಡ್ಡು ಉಳಿಯುವುದು ಎಲ್ಲಿ? ನಾನು ಕಂಡ ಮಟ್ಟಿಗೆ, ತಾರೀಖು ಬರೆದಿಟ್ಟಲ್ಲಿ. ಹೊಸ ಸಿಲಿಂಡರ್ ಹಾಕಿದ ದಿನ ಅಡುಗೆಮನೆ ಕಟ್ಟೆಯ ಕೆಳಗೆ ಚಾಕ್‌ಪೀಸಿನಲ್ಲಿ ಬರೆಯುತ್ತೇನೆ. ಎಣ್ಣೆ, ಕಾಫಿಪುಡಿ, ಬಟ್ಟೆ ಒಗೆಯುವ ಪುಡಿ, ಯಾವುದೇ ಇರಲಿ, ತೆರೆದ ದಿನವೇ ಡಬ್ಬಿಯ ಮೇಲೆ ಸಣ್ಣ ಚೀಟಿ. ಒಂದು ವರ್ಷ ಹೀಗೆ ಮಾಡಿದರೆ ಯಾವುದು ಎಷ್ಟು ದಿನ ಬರುತ್ತದೆ ಅಂತ ಗೊತ್ತಾಗಿಬಿಡುತ್ತದೆ. ಆಮೇಲೆ ಯಾವುದಾದರೂ ಬೇಗ ಮುಗಿದರೆ ತಕ್ಷಣ ಕಣ್ಣಿಗೆ ಬೀಳುತ್ತದೆ. ಚಳಿಗಾಲದಲ್ಲಿ ಒಂದು ಸಿಲಿಂಡರ್ ಎಂದಿಗಿಂತ ಒಂದು ವಾರ ಮೊದಲೇ ಖಾಲಿಯಾಯಿತು. ನೋಡಿದರೆ ದೊಡ್ಡ ಒಲೆಯ ಉರಿ ಹಳದಿಗೆ ತಿರುಗಿತ್ತು, ಪಾತ್ರೆಗಳ ತಳಕ್ಕೆ ಮಸಿ ಹಿಡಿಯುತ್ತಿತ್ತು. ಬರ್ನರ್ ಬಿಚ್ಚಿ, ತೂತುಗಳನ್ನು ಪಿನ್ನಿನಿಂದ ಬಿಡಿಸಿ, ತೊಳೆದು ಒಣಗಿಸಿ ಹಾಕಿದ ಮೇಲೆ ಉರಿ ಮತ್ತೆ ನೀಲಿಯಾಯಿತು. ತಾರೀಖು ಇಲ್ಲದಿದ್ದರೆ ಯಾರಿಗೂ ಅನುಮಾನವೇ ಬರುತ್ತಿರಲಿಲ್ಲ.

ಸಿಲಿಂಡರ್ ಬಂದಾಗ ತೂಕ ಹಾಕಿಸುವುದನ್ನೂ ಬಿಡಬೇಡಿ. ಖಾಲಿ ಸಿಲಿಂಡರ್ ತೂಕ ಅದರ ಮೇಲೇ ಬರೆದಿರುತ್ತದೆ. ಅದಕ್ಕೆ 14.2 ಕೆಜಿ ಸೇರಿಸಿದರೆ ಎಷ್ಟಾಗುತ್ತದೋ ಅಷ್ಟಿರಬೇಕು. ತಂದುಕೊಡುವವರ ಹತ್ತಿರ ತಕ್ಕಡಿ ಇರಬೇಕು. ಕೇಳಲು ಸಂಕೋಚ ಬೇಡ, ಅದು ನಮ್ಮ ಹಕ್ಕು.

ಇವತ್ತಿನ ದೊಡ್ಡ ಕೆಲಸ ಹುಣಸೆಹಣ್ಣು. ನಮ್ಮ ಕಡೆ ಹೊಸ ಹುಣಸೆ ಬರುವುದೇ ಬೇಸಿಗೆಯ ಹೊತ್ತಿಗೆ. ನಿನ್ನೆ ಇವರು ಬೀಜ ಬಿಡಿಸದ ಹಣ್ಣು 5 ಕೆಜಿ ತಂದರು. ಎರಡು ತಾಸು ಬಿಸಿಲಿಗೆ ಹರಡಿ, ಮಧ್ಯಾಹ್ನ ಊಟ ಆದ ಮೇಲೆ ಎಲ್ಲರೂ ನಡುಮನೆಯಲ್ಲಿ ಕೂತೆವು. ಅತ್ತೆ ಗುಂಡುಕಲ್ಲಿನಿಂದ ಒಂದೊಂದೇ ಹಣ್ಣು ಜಜ್ಜಿ ಕೊಡುತ್ತಾರೆ. ನಾವು ಕೈಗೆ ಸ್ವಲ್ಪ ಎಣ್ಣೆ ಸವರಿಕೊಂಡು ಬೀಜ, ನಾರು ಬೇರೆ ಮಾಡುತ್ತೇವೆ. ಬಿಡಿಸಿದ ಹಣ್ಣನ್ನು ನಾಳೆ ಇನ್ನೊಂದು ಬಿಸಿಲು ಕಾಣಿಸಿ, ಕಲ್ಲುಪ್ಪು ಬೆರೆಸಿ ಪಿಂಗಾಣಿ ಜಾಡಿಗೆ ತುಂಬಬೇಕು. ಲೋಹದ ಡಬ್ಬಿ ಹುಣಸೆಗೆ ಆಗುವುದಿಲ್ಲ, ಹುಳಿ ಅದನ್ನು ತಿನ್ನುತ್ತದೆ.

"ಹೊಸದನ್ನ ಈಗ್ಲೇ ಮುಟ್ಬೇಡ ಕಣಮ್ಮ. ಹಳೇದು ಮುಗೀಲಿ. ಹೊಸ ಹುಣಸೆ ಗಂಟಲು ಹಿಡಿಯುತ್ತೆ" ಅಂದರು ಅತ್ತೆ.

"ಹಳೇ ಜಾಡಿಯಲ್ಲಿ ಇನ್ನೂ ಎರಡು ತಿಂಗಳಿಗೆ ಆಗುವಷ್ಟು ಇದೆ ಅತ್ತೆ. ಅದನ್ನೇ ಮುಂದೆ ಇಟ್ಟಿದ್ದೀನಿ" ಅಂದೆ. ಅವರಿಗೆ ಸಮಾಧಾನವಾಯಿತು. ವರ್ಷ ಕಳೆದು ಕಪ್ಪಾದ ಹುಣಸೆಯ ಸಾರಿಗೆ ಇರುವ ರುಚಿ ಹೊಸದಕ್ಕೆ ಇಲ್ಲ ಅನ್ನುವುದು ಅವರ ಮಾತು. ನನ್ನ ನಾಲಿಗೆಯೂ ಅದನ್ನೇ ಹೇಳುತ್ತದೆ.

ಹೀಗೆ ತಂದರೆ ಉಳಿಯುತ್ತದಾ ಅಂತ ಕೇಳುವವರಿಗೆ: ಹೌದು, ಆದರೆ ಅಂಗಡಿಯ ಎರಡು ಬೆಲೆಗಳನ್ನು ಸುಮ್ನೆ ಪಕ್ಕಪಕ್ಕ ಇಟ್ಟು ನೋಡಿದರೆ ಲೆಕ್ಕ ತಪ್ಪುತ್ತದೆ. 5 ಕೆಜಿಯಲ್ಲಿ ನಮಗೆ ಕೊನೆಗೆ ಸಿಕ್ಕಿದ್ದು 3 ಕೆಜಿ ಚಿಲ್ಲರೆ. ಕೊಟ್ಟ ದುಡ್ಡನ್ನು ಆ 3 ಕೆಜಿಗೆ ಭಾಗಿಸಿ, ಆಮೇಲೆ ಬಿಡಿಸಿದ ಹುಣಸೆಯ ಬೆಲೆಯ ಜೊತೆ ಹೋಲಿಸಬೇಕು. ನಮಗೆ ಉಳಿದಿದೆ. ಮನೆಯಲ್ಲಿ ಕೈಗಳು ಇಲ್ಲದಿದ್ದರೆ, ಇಬ್ಬರೂ ಕೆಲಸಕ್ಕೆ ಹೋಗುವವರಾದರೆ, ಬಿಡಿಸಿದ್ದನ್ನೇ ಕೊಳ್ಳಿ. ವಾರಕ್ಕೆ ಸಿಗುವ ಒಂದು ರಜೆಗೂ ಬೆಲೆ ಇದೆ ಅಲ್ವಾ?

ನಾರನ್ನು ಎಸೆಯಲಿಲ್ಲ. ಬರುವ 30ಕ್ಕೆ ಬಸವ ಜಯಂತಿ, ಅಕ್ಷಯ ತೃತೀಯ. ದೇವರ ಮನೆಯ ಹಿತ್ತಾಳೆ ದೀಪ, ತಾಮ್ರದ ಚೊಂಬು ಎಲ್ಲವನ್ನೂ ಬೆಳಗಬೇಕು. ಹುಣಸೆ ನಾರಿಗೆ ಸ್ವಲ್ಪ ಉಪ್ಪು ಹಾಕಿ ಉಜ್ಜಿದರೆ ತಾಮ್ರ ಹೊಳೆಯುತ್ತದೆ. ಅದಕ್ಕಾಗಿ ಪುಡಿ ಕೊಳ್ಳುವುದು ಬೇಕಿಲ್ಲ. ಬೀಜಗಳಲ್ಲಿ ಒಂದು ಹಿಡಿ ಮಕ್ಕಳ ಪಾಲಾಯಿತು. ಅಂಗಳದ ಕಲ್ಲಿಗೆ ಒಂದು ಪಕ್ಕ ಉಜ್ಜಿ ಬಿಳಿ ಮಾಡಿ, ಸಂಜೆಯಿಂದ ಅಜ್ಜಿಯ ಜೊತೆ ಚೌಕಾಬಾರ ಆಡುತ್ತಿದ್ದಾರೆ. ಹನ್ನೊಂದನೇ ತಾರೀಖಿನಿಂದ ರಜೆ. ಮೇ 29ಕ್ಕೆ ಶಾಲೆ ಶುರುವಾಗುವವರೆಗೆ ಇವರಿಗೆ ಏನಾದರೂ ಬೇಕೇ ಬೇಕು.

ಎಲ್ಲವನ್ನೂ ವರ್ಷಕ್ಕಾಗುವಷ್ಟು ತರುವುದು ಒಳ್ಳೆಯದಲ್ಲ. ಹುಣಸೆ, ಮೆಣಸಿನಕಾಯಿ, ರಾಗಿ, ತೊಗರಿಬೇಳೆ ಇವಿಷ್ಟೇ ನಾವು ಒಟ್ಟಿಗೆ ತರುವುದು. ತೊಗರಿ ಕೊಯ್ಲು ಡಿಸೆಂಬರ್, ಜನವರಿಯಲ್ಲಿ ಆಗುವುದರಿಂದ ಈಗ ಸಿಗುವುದು ಹೊಸ ಬೇಳೆ. ಚೆನ್ನಾಗಿ ಬಿಸಿಲಿಗೆ ಹಾಕಿ, ಒಂದು ಚಮಚ ಹರಳೆಣ್ಣೆ ಸವರಿ ಇಟ್ಟರೆ ಹುಳ ಹತ್ತಿರ ಬರುವುದಿಲ್ಲ. ರಾಗಿಯಂತೂ ಕಾಳಾಗಿದ್ದರೆ ವರ್ಷಗಟ್ಟಲೆ ಕೆಡುವುದಿಲ್ಲ. ಹಿಟ್ಟು ಮಾತ್ರ ತಿಂಗಳಿಗೆ ಬೇಕಾದಷ್ಟೇ ಬೀಸಿಸಬೇಕು. ರವೆ, ಮೈದಾ, ಎಣ್ಣೆಯನ್ನು ಅಗ್ಗಕ್ಕೆ ಸಿಕ್ಕಿತು ಅಂತ ತುಂಬಿಕೊಂಡರೆ ಹುಳ ಬರುತ್ತದೆ, ಕಮಟು ವಾಸನೆ ಬರುತ್ತದೆ. ದೊಡ್ಡ ಪ್ಯಾಕೆಟ್ ಯಾವಾಗಲೂ ಅಗ್ಗ ಅಂತಲೂ ಇಲ್ಲ. ಪ್ಯಾಕೆಟ್ಟಿನ ಮೇಲೆ ಗ್ರಾಮಿಗೆ ಎಷ್ಟು ಬೆಲೆ ಅಂತ ಅಚ್ಚು ಹಾಕಿರುತ್ತಾರೆ, ಎಂಆರ್‌ಪಿ ಹತ್ತಿರವೇ ಹುಡುಕಿ. ನಮ್ಮ ಮಗಳಿಗೆ ಇದನ್ನು ಹೇಳಿಕೊಟ್ಟ ಮೇಲೆ ಅಂಗಡಿಯಲ್ಲಿ ಅವಳೇ ಎರಡು ಪ್ಯಾಕೆಟ್ ಹಿಡಿದು ಓದುತ್ತಾಳೆ. ಆರನೇ ಕ್ಲಾಸಿನ ದಶಾಂಶ ಲೆಕ್ಕ ಅಲ್ಲೇ ಕಲಿತಳು.

ಭಾನುವಾರ ಮೀಟರ್ ಓದುವ ಕೆಲಸವೂ ಅವಳದೇ. ಗೃಹಜ್ಯೋತಿ ಬಂದ ಮೇಲೆ ಎಲ್ಲರಿಗೂ 200 ಯೂನಿಟ್ ಉಚಿತ ಅಂತ ತುಂಬಾ ಜನ ತಿಳಿದಿದ್ದಾರೆ. ಹಾಗಲ್ಲ. 2022-23ರಲ್ಲಿ ಆ ಮನೆ ಬಳಸಿದ ತಿಂಗಳ ಸರಾಸರಿಯ ಮೇಲೆ ಶೇಕಡಾ 10 ಸೇರಿಸಿ ಒಂದು ಮಿತಿ ಇಟ್ಟಿದ್ದಾರೆ. ತೀರಾ ಕಡಿಮೆ ಬಳಸುವ ಮನೆಗಳಿಗೆ ಆಮೇಲೆ ಆ ಶೇಕಡಾ 10ರ ಬದಲು ಸರಾಸರಿಯ ಮೇಲೆ 10 ಯೂನಿಟ್ ಸೇರಿಸುವಂತೆ ಬದಲಾಯಿಸಿದರು. ಮಿತಿ ದಾಟಿದಷ್ಟಕ್ಕೆ ನಾವು ಕಟ್ಟಬೇಕು. 200 ದಾಟಿದರೆ ಪೂರ್ತಿ ಬಿಲ್ ನಮ್ಮದೇ. ನಮ್ಮ ಮನೆಯ ಮಿತಿ 86 ಯೂನಿಟ್. ಬೇಸಿಗೆಯಲ್ಲಿ ಫ್ಯಾನಿನಿಂದಲೇ ಅದು ತುಂಬುತ್ತದೆ. 75 ವಾಟ್ ಫ್ಯಾನ್ ಹದಿಮೂರು ಗಂಟೆ ತಿರುಗಿದರೆ ಒಂದು ಯೂನಿಟ್. ಎರಡು ಸಾವಿರ ವಾಟ್‌ನ ಗೀಸರ್ ಅರ್ಧ ಗಂಟೆಯಲ್ಲೇ ಒಂದು ಯೂನಿಟ್ ತಿನ್ನುತ್ತದೆ. ಈ ಸೆಕೆಯಲ್ಲಿ ಫ್ಯಾನ್ ಆರಿಸಿ ಅಂತ ಅತ್ತೆಗೆ ಹೇಳುವುದು ತಪ್ಪು. ಅದಕ್ಕೇ ಗೀಸರ್ ಬಂದ್. ಹಿತ್ತಲಿನ ಹಂಡೆ ಒಲೆಗೆ ತೆಂಗಿನ ಗರಿ, ಕರಟ ಬೇಕಾದಷ್ಟಿದೆ. ನೀರು ಬೆಚ್ಚಗಾದರೆ ಸಾಕು.

ಅಡುಗೆಮನೆ ಬಾಗಿಲ ಹಿಂದೆ ಒಂದು ಹಾಳೆ, ದಾರ ಕಟ್ಟಿದ ಪೆನ್ಸಿಲ್ ಇದೆ. ಯಾವುದರ ಕೊನೆಯ ಪ್ಯಾಕೆಟ್ ಯಾರು ತೆರೆಯುತ್ತಾರೋ ಅವರೇ ಅಲ್ಲಿ ಬರೆಯಬೇಕು. ಇವರು ಅಂಗಡಿಗೆ ಹೊರಡುವಾಗ ಆ ಹಾಳೆ ನೋಡಿಕೊಂಡು ಹೋಗುತ್ತಾರೆ, "ಏನೇನು ಬೇಕು?" ಅಂತ ನನ್ನನ್ನು ಕೇಳುವುದಿಲ್ಲ. ಮನೆಯ ಲೆಕ್ಕವೆಲ್ಲ ಒಬ್ಬಳ ತಲೆಯೊಳಗೇ ಇದ್ದರೆ ಅವಳಿಗೆ ಜ್ವರ ಬಂದ ದಿನ ಮನೆಯೇ ನಿಲ್ಲುತ್ತದೆ. ತಂಗಿಯ ಬಾಣಂತನಕ್ಕೆ ನಾನು ತವರಿಗೆ ಹೋದಾಗ ಇಲ್ಲಿ ಉಪ್ಪಿನಿಂದ ಸೋಪಿನವರೆಗೆ ಯಾವುದೂ ತಪ್ಪಲಿಲ್ಲ. ಇದರಿಂದ ನನಗೆ ಸಿಕ್ಕ ನೆಮ್ಮದಿಯನ್ನು ರೂಪಾಯಿಯಲ್ಲಿ ಬರೆಯಲು ಬರುವುದಿಲ್ಲ.

ಆ 180ರ ವಿಷಯಕ್ಕೆ ಬರುತ್ತೇನೆ. ಪುಸ್ತಕದಲ್ಲಿ ಹುಡುಕಿದಾಗ ಸಿಕ್ಕಿದ್ದು ಮೂಲೆ ಅಂಗಡಿಯ ಹತ್ತು ರೂಪಾಯಿ ಪ್ಯಾಕೆಟ್‌ಗಳು. ಇಬ್ಬರು ಮಕ್ಕಳಿಗೆ ದಿನಕ್ಕೆ 20, ತಿಂಗಳಿಗೆ 600. ಮಕ್ಕಳನ್ನೂ ಕೂರಿಸಿಕೊಂಡು ಮಾತಾಡಿದೆವು. ಪ್ಯಾಕೆಟ್ ಬುಧವಾರ, ಶನಿವಾರ. ಮಿಕ್ಕ ದಿನ ಕಡ್ಲೆಪುರಿ ಒಗ್ಗರಣೆ, ಹುರಿದ ಪಾವಗಡದ ಕಡಲೆಕಾಯಿ, ಹುರಿಗಾಳು. "ಭಾನುವಾರಾನೂ ಸೇರ್ಸಮ್ಮ" ಅಂತ ಮಗ ಹಠ ಹಿಡಿದ. ಸೇರಿಸಿದೆ. ಪುರಿ, ಕಡಲೆಕಾಯಿಗೆ 150 ಕಳೆದರೂ 190ರಷ್ಟು ಉಳಿಯುತ್ತದೆ. ಹಾಲಿನ ದುಡ್ಡು ಬಂತು. ಸಿಲಿಂಡರ್‌ನ 50ಕ್ಕೆ ಇನ್ನೂ ದಾರಿ ಸಿಕ್ಕಿಲ್ಲ. ಬೇಳೆ, ಕಾಳು ನೆನೆಸಿ ಬೇಯಿಸುವುದು, ಅನ್ನ ಬೇಳೆ ಒಂದೇ ಕುಕ್ಕರಿಗೆ ಇಡುವುದು ಈಗಾಗಲೇ ನಡೆದಿದೆ. ಕಾಳು ಬೇಯಿಸುವುದನ್ನು ಹಂಡೆ ಒಲೆಗೆ ದಾಟಿಸಬಹುದಾ ಅಂತ ಮುಂದಿನ ವಾರ ನೋಡಬೇಕು.

ಸಾರಿನ ಪುಡಿಗೆ ಮೆಣಸಿನಕಾಯಿ ತಂದಿದ್ದೇವೆ. ಬಣ್ಣಕ್ಕೆ ಬ್ಯಾಡಗಿ ಎರಡು ಪಾಲು, ಖಾರಕ್ಕೆ ಗುಂಟೂರು ಒಂದು ಪಾಲು. ನಾಳೆ, ನಾಡಿದ್ದು ಬಿಸಿಲು. ಧನಿಯ, ಜೀರಿಗೆ, ಮೆಂತ್ಯ ಹುರಿಯುವುದು ಮಂಗಳವಾರ ರಾತ್ರಿ. ಬುಧವಾರ ಬೆಳಿಗ್ಗೆ ಮಿಲ್ಲಿಗೆ ಇವರು ಹೋಗುತ್ತಾರೆ. ಪುಡಿಯನ್ನು ಬಿಸಿ ಬಿಸಿಯಾಗಿ ಡಬ್ಬಿಗೆ ತುಂಬದೆ, ಹರಡಿ ಆರಿಸಬೇಕು ಅಂತ ಅತ್ತೆ ಈಗಲೇ ಎರಡು ಸಲ ಹೇಳಿದ್ದಾರೆ.